ಗೇಮ್ ಆಡಲು ಲ್ಯಾಪ್‌ಟಾಪ್ ಆದೀತೇ, ಡೆಸ್ಕ್‌ಟಾಪೇ ಬೇಕೇ? ಕಾಸರಗೋಡಿನ ಸೆಕೆ, ಕರೆಂಟು, ಕಿಸೆ ನೋಡಿ ಒಂದು ಹೋಲಿಕೆ

ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ: ಕಾಲೇಜಿಗೆ ಹೇಗೂ ಲ್ಯಾಪ್‌ಟಾಪ್ ತೆಗೆಯಲೇಬೇಕು, ಮೂವತ್ತು ಸಾವಿರ ಹೆಚ್ಚು ಹಾಕಿ ಗೇಮಿಂಗ್ ಲ್ಯಾಪ್‌ಟಾಪನ್ನೇ ತೆಗೆದರೆ ಎರಡೂ ಆಯಿತಲ್ಲ? ಕೆಲವರಿಗೆ ಆಗುತ್ತದೆ, ಎಲ್ಲರಿಗೂ ಆಗುವುದಿಲ್ಲ. ಯಂತ್ರ ಒಂದೇ ಕೋಣೆಯಲ್ಲಿ ಕೂತಿರುವುದಾದರೆ ಅಷ್ಟೇ ದುಡ್ಡಿಗೆ ಡೆಸ್ಕ್‌ಟಾಪ್ ಚೆನ್ನಾಗಿ ಆಡಿಸುತ್ತದೆ, ಹೆಚ್ಚು ವರ್ಷ ಬಾಳುತ್ತದೆ, ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಿಸಿದರೆ ಮುಗಿಯಿತು. ವಾರ ವಾರ ಮಂಗಳೂರಿನ ಹಾಸ್ಟೆಲಿಗೂ ಮನೆಗೂ ಓಡಾಡುವವರಿಗೆ ಲ್ಯಾಪ್‌ಟಾಪೇ ಸರಿ. ಅಂಗಡಿಯವರು ಲೆಕ್ಕಕ್ಕೆ ಹಿಡಿಯದ ಮೂರನೆಯ ಗುಂಪೊಂದಿದೆ: ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ತೋಟದ ಮನೆಯವರು. ಎಲ್ಲಿಗೂ ಒಯ್ಯುವುದಿಲ್ಲದಿದ್ದರೂ ಅವರಿಗೆ ಲ್ಯಾಪ್‌ಟಾಪೇ ಮೇಲು. ಯಾಕೆಂದು ಕರೆಂಟಿನ ಭಾಗದಲ್ಲಿ ನೋಡೋಣ.

ಮೊದಲು ಒಂದು ಆಸೆಯನ್ನು ಬಿಟ್ಟುಬಿಡಬೇಕು. ಗೇಮಿಂಗ್ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಆಡಿಸುವ ಲೆಕ್ಕ ಕೂಡಿಬರುವುದಿಲ್ಲ. ಬ್ಯಾಟರಿ 60ರಿಂದ 90 ವಾಟ್-ಅವರ್ ಇರುತ್ತದೆ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ಆದ್ದರಿಂದ ಕಂಪನಿಗಳು ಅದನ್ನು ದಾಟುವುದಿಲ್ಲ. ಆಟ ಜೋರಾಗಿ ನಡೆಯುವಾಗ ಯಂತ್ರ 150 ವಾಟ್ ಎಳೆಯುತ್ತದೆ. ಹಾಗೆಯೇ ಎಳೆಯಲು ಬಿಟ್ಟರೆ ಅರ್ಧ ಗಂಟೆಯಲ್ಲಿ ಖಾಲಿ. ಅದಕ್ಕೇ ಪಿನ್ ತೆಗೆದ ಕ್ಷಣ ಲ್ಯಾಪ್‌ಟಾಪ್ ತಾನಾಗಿ ಗ್ರಾಫಿಕ್ಸಿನ ವಾಟ್ ಇಳಿಸುತ್ತದೆ. 90 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರ, ಅಂದರೆ ಫ್ರೇಮ್) ಇದ್ದದ್ದು 40ಕ್ಕೆ ಬೀಳುತ್ತದೆ, ಅದೂ ಒಂದು ಗಂಟೆಯ ಮಟ್ಟಿಗೆ. ಹಾಗಾಗಿ ಎರಡಕ್ಕೂ ಗೋಡೆಯ ಪ್ಲಗ್ ಬೇಕೇ ಬೇಕು. ಓಡಾಟದ ಲೆಕ್ಕದಲ್ಲಿ ಲ್ಯಾಪ್‌ಟಾಪಿನ ಲಾಭ ಏನಿದ್ದರೂ ಬೇರೆ ಊರಿನ ಪ್ಲಗ್ಗಿನ ಬಳಿಗೂ ಹೋಗಬಹುದು ಎಂಬುದಷ್ಟೇ.

ಹೆಸರು ಒಂದೇ, ಒಳಗಿನ ಸಾಮಾನು ಬೇರೆ

ಲ್ಯಾಪ್‌ಟಾಪಿನ ಸ್ಟಿಕ್ಕರಿನಲ್ಲಿ ಆರ್‌ಟಿಎಕ್ಸ್ 4070 ಎಂದು ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಚಿಪ್ಪಿನ ಹೆಸರು ಬರೆದಿದೆ, ಡೆಸ್ಕ್‌ಟಾಪ್ ಕಾರ್ಡಿನ ಡಬ್ಬದ ಮೇಲೂ ಹಾಗೆಯೇ ಬರೆದಿದೆ. ಡೆಸ್ಕ್‌ಟಾಪಿನದ್ದರಲ್ಲಿ 5888 ಕೋರ್ (ಚಿತ್ರದ ಲೆಕ್ಕ ಮಾಡುವ ಘಟಕ), 12 ಜಿಬಿ ಮೆಮರಿ. ಲ್ಯಾಪ್‌ಟಾಪಿನದ್ದರಲ್ಲಿ 4608 ಕೋರ್, 8 ಜಿಬಿ. ಮೇಲೆ ಹೋದಷ್ಟೂ ಅಂತರ ಹೆಚ್ಚುತ್ತದೆ: 4090 ಡೆಸ್ಕ್‌ಟಾಪ್ ಕಾರ್ಡಿಗೆ 16384 ಕೋರ್, 24 ಜಿಬಿ, ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ 9728 ಕೋರ್, 16 ಜಿಬಿ, ಅಂದರೆ ಡೆಸ್ಕ್‌ಟಾಪಿನ 4080ರ ಚಿಪ್ಪನ್ನೇ ಕಡಿಮೆ ವಾಟ್‌ನಲ್ಲಿ ಕೂರಿಸಿದ್ದು. 2025ರಲ್ಲಿ ಬಂದ 50ರ ಸರಣಿಯಲ್ಲೂ ಇದೇ ಕತೆ. 5070 ಡೆಸ್ಕ್‌ಟಾಪಿಗೆ 12 ಜಿಬಿ, ಲ್ಯಾಪ್‌ಟಾಪಿಗೆ 8.

ಇಲ್ಲಿ ಮೆಮರಿಯ ಸಂಖ್ಯೆಯನ್ನು ಹಗುರವಾಗಿ ನೋಡಬಾರದು. ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೈಯ ಚಿತ್ರ) ಅಲ್ಟ್ರಾದಲ್ಲಿಟ್ಟರೆ 8 ಜಿಬಿ ತುಂಬಿಹೋಗುತ್ತದೆ. ತುಂಬಿದ ಮೇಲೆ ಆಟ ನಿಧಾನವಾಗುವುದಕ್ಕಿಂತ ಹೆಚ್ಚಾಗಿ ನಡುನಡುವೆ ತಡೆತಡೆದು ಮುಗ್ಗರಿಸುತ್ತದೆ, ಗೋಡೆ-ಮರಗಳ ಮೈ ಮಸುಕು ಮಸುಕಾಗಿ ಬರುತ್ತದೆ. ಟೆಕ್ಸ್‌ಚರನ್ನು ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ, ಆದರೆ ಲ್ಯಾಪ್‌ಟಾಪಿನಲ್ಲಿ ಈ ಮೆಮರಿ ಬೋರ್ಡಿಗೆ ಬೆಸುಗೆಯಾಗಿರುವುದರಿಂದ ಮುಂದೆಂದೂ ಹೆಚ್ಚಿಸಲಾಗದು. ಆ ಲೆಕ್ಕದಲ್ಲಿ 6 ಜಿಬಿಯ 4050 ಈಗಲೇ ಇಕ್ಕಟ್ಟು. 8 ಜಿಬಿಯ 4060 ಅಥವಾ 5060 ಸಾಕಷ್ಟಾಯಿತು. 5060ರಿಂದ 5070ಕ್ಕೆ ಹಾರಲು ಹೆಚ್ಚು ದುಡ್ಡು ಕೊಡುವುದು ಲ್ಯಾಪ್‌ಟಾಪಿನಲ್ಲಿ ವ್ಯರ್ಥ, ಎರಡರಲ್ಲೂ ಮೆಮರಿ ಅಷ್ಟೇ. 12 ಜಿಬಿ ಬೇಕೆಂದರೆ 5070 ಟಿಐಗೇ ಹೋಗಬೇಕು, ಆ ಬೆಲೆಗೆ ಅದಕ್ಕಿಂತ ಒಳ್ಳೆಯ ಡೆಸ್ಕ್‌ಟಾಪ್ ಬರುತ್ತದೆ.

ಹೆಸರಿಗಿಂತ ದೊಡ್ಡ ಮೋಸ ವಾಟ್‌ನಲ್ಲಿದೆ. ಲ್ಯಾಪ್‌ಟಾಪಿನ 4060 ಚಿಪ್ಪಿಗೆ 35ರಿಂದ 115 ವಾಟ್‌ವರೆಗೆ ಎಷ್ಟು ಬೇಕಾದರೂ ಕೊಡಲು ಎನ್ವಿಡಿಯಾ ಕಂಪನಿಗಳಿಗೆ ಬಿಟ್ಟಿದೆ. ತೆಳ್ಳಗಿನ, ಚೆಂದದ ಮಾದರಿಯಲ್ಲಿ 45 ಅಥವಾ 60 ವಾಟ್ ಕೊಟ್ಟಿರುತ್ತಾರೆ. ದಪ್ಪಗಿನದ್ದರಲ್ಲಿ 100 ದಾಟಿರುತ್ತದೆ. ಸ್ಟಿಕ್ಕರ್ ಎರಡಕ್ಕೂ ಒಂದೇ. 45 ವಾಟಿನ 4060ಯನ್ನು 90 ವಾಟಿನ 4050 ಸೋಲಿಸುವುದೂ ಉಂಟು. ಮತ್ತೊಂದು ಕಡೆ, 100 ವಾಟ್ ದಾಟಿದ ಮೇಲೆ 4060ಗೆ ಹೆಚ್ಚೇನೂ ಸಿಗುವುದಿಲ್ಲ, ಬೂಸ್ಟ್ ಸೇರಿಸಿ 140 ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಿದರೂ ಬಿಸಿಯಷ್ಟೇ ಹೆಚ್ಚು. ಹುಡುಕಬೇಕಾದದ್ದು 90ರಿಂದ 115ರ ನಡುವಿನದ್ದು.

ಈ ಸಂಖ್ಯೆ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾದರಿಯ ಪೂರ್ತಿ ವಿವರ ತೆರೆದರೆ ಗ್ರಾಫಿಕ್ಸ್ ಸಾಲಿನಲ್ಲಿ ಟಿಜಿಪಿ (ಗ್ರಾಫಿಕ್ಸಿಗೆ ಕೊಟ್ಟ ವಾಟ್) ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಓಡುತ್ತಿರುವ ಯಂತ್ರ ಸಿಕ್ಕಿದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನಲ್ ತೆರೆದು, ಸಿಸ್ಟಮ್ ಇನ್ಫರ್ಮೇಶನ್ ಒತ್ತಿ, ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲು ನೋಡಿ. ಅರ್ಧ ನಿಮಿಷದ ಕೆಲಸ. ಇನ್ನೊಂದು ಸುಲಭದ ಸುಳಿವು ಚಾರ್ಜರಿನ ಮೇಲಿದೆ. 4060 ಇದ್ದೂ ಚಾರ್ಜರ್ 120 ಅಥವಾ 135 ವಾಟಿನದ್ದಾದರೆ ಒಳಗೆ ಗ್ರಾಫಿಕ್ಸಿಗೆ ಕೈಬಿಗಿ ಹಿಡಿದೇ ಕೊಟ್ಟಿರುತ್ತಾರೆ. 170 ಅಥವಾ 230 ಇದ್ದರೆ ಧೈರ್ಯ. ಟೈಪ್-ಸಿ ಕಿಂಡಿಯಿಂದಲೂ ಚಾರ್ಜ್ ಆಗುತ್ತದೆ ಎಂದು ಹೇಳಿದರೆ ಅದು ಕ್ಲಾಸಿಗೆ ಒಯ್ದು ಬರೆಯಲು ಮಾತ್ರ. ಆ ದಾರಿಯಲ್ಲಿ ಸಾಮಾನ್ಯವಾಗಿ 100 ವಾಟ್ ಬರುತ್ತದೆ, ಆಟವಾಡಿದರೆ ಚಾರ್ಜಿನಲ್ಲಿಟ್ಟೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಸೆಕೆಗಾಲದ ಲೆಕ್ಕ

ಯೂಟ್ಯೂಬಿನ ವಿಮರ್ಶೆಗಳಲ್ಲಿ ಲ್ಯಾಪ್‌ಟಾಪ್ ಆಟದ ನಡುವೆ 78 ಡಿಗ್ರಿ ತೋರಿಸುತ್ತದೆ. ಆ ಕೋಣೆ ಎಸಿ ಹಾಕಿದ 24 ಡಿಗ್ರಿಯದ್ದು. ಏಪ್ರಿಲ್ ಮಧ್ಯಾಹ್ನ ಕುಂಬಳೆಯ ಒಂದು ತಾರಸಿ ಮನೆಯ ಮಹಡಿ ಕೋಣೆ 34 ಇರುತ್ತದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 78 ಇದ್ದದ್ದು 88. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ 87ರ ಆಸುಪಾಸಿನಲ್ಲಿ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಪ್ರೊಸೆಸರ್ 95ರಿಂದ 100ರಲ್ಲಿ. ಸುಟ್ಟುಹೋಗದಿರಲಿ ಎಂದು ಮಾಡಿದ ಏರ್ಪಾಡು ಅದು, ಹೆದರುವಂಥದ್ದೇನಿಲ್ಲ. ಆದರೆ ಕೊಟ್ಟ ದುಡ್ಡಿನ ವೇಗ ಸಿಗುವುದಿಲ್ಲ. ಆಟ ಶುರುವಾಗಿ ಹತ್ತು ನಿಮಿಷ ನುಣುಪಾಗಿ ಓಡಿ, ಆಮೇಲೆ ತಡೆತಡೆದು ಓಡಿದರೆ ಕಾರಣ ಇದೇ. ಆದ್ದರಿಂದ ಹೊಸ ಲ್ಯಾಪ್‌ಟಾಪನ್ನು ಐದು ನಿಮಿಷ ಆಡಿಸಿ ನೋಡಿ ಒಪ್ಪಬೇಡಿ. ಎಚ್‌ಡಬ್ಲ್ಯುಇನ್‌ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಅರ್ಧ ಗಂಟೆ ಆಡಿ, ಆಮೇಲೆ ಬಿಸಿಯನ್ನೂ ವಾಟನ್ನೂ ನೋಡಿ.

ಡೆಸ್ಕ್‌ಟಾಪಿಗೆ ಸೆಕೆ ತಟ್ಟುವುದಿಲ್ಲ ಎಂದಲ್ಲ, ತಾಳಿಕೊಳ್ಳುತ್ತದೆ. ಪ್ರೊಸೆಸರಿಗೆ ಒಂದು ಮುಷ್ಟಿ ಗಾತ್ರದ ಹೀಟ್‌ಸಿಂಕ್, ಕಾರ್ಡಿಗೆ ಎರಡು ದೊಡ್ಡ ಫ್ಯಾನ್, ಮುಂದೆ ಜಾಲರಿ ಇರುವ ಕ್ಯಾಬಿನೆಟ್. ಇಷ್ಟಿದ್ದರೆ 34 ಡಿಗ್ರಿಯ ಕೋಣೆಯಲ್ಲೂ 115 ವಾಟಿನ ಕಾರ್ಡ್ 75ರ ಆಚೀಚೆ ನಿಲ್ಲುತ್ತದೆ, ಸದ್ದೂ ಕಡಿಮೆ. ಮುಂದೆ ಪೂರ್ತಿ ಗಾಜಿನ, ಬಣ್ಣದ ಲೈಟಿನ ಕ್ಯಾಬಿನೆಟ್ ತೆಗೆದರೆ ಈ ಲಾಭದ ಅರ್ಧ ಹೋಯಿತು. ಗೇಮಿಂಗ್ ಲ್ಯಾಪ್‌ಟಾಪಿನ ಫ್ಯಾನ್ ಟರ್ಬೋದಲ್ಲಿ ಕೂಗುವಾಗ ಅದೇ ಕೋಣೆಯಲ್ಲಿ ಟಿವಿ ಧಾರಾವಾಹಿ ನೋಡುವವರಿದ್ದರೆ ಜಗಳ ಗ್ಯಾರಂಟಿ.

ಲ್ಯಾಪ್‌ಟಾಪೇ ತೆಗೆದದ್ದಾದರೆ ಬಿಸಿ ಇಳಿಸುವ ದಾರಿಗಳಿವೆ, ಖರ್ಚಿಲ್ಲದವೂ ಇವೆ. ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತಿಡಿ. ಎರಡು ಮರದ ತುಂಡು ಸಾಕು, ಮೂರರಿಂದ ಐದು ಡಿಗ್ರಿ ಇಳಿಯುತ್ತದೆ. ಗಾಳಿ ಎಳೆಯುವ ಕಿಂಡಿ ತಳದಲ್ಲಿರುವುದರಿಂದ ಹಾಸಿಗೆಯ ಮೇಲೆ ಇಡಲೇಬಾರದು. ಎನ್ವಿಡಿಯಾ ಕಂಟ್ರೋಲ್ ಪ್ಯಾನಲಿನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ 60 ಅಥವಾ 90ಕ್ಕೆ ಕಟ್ಟಿಹಾಕಿ. ಕತೆಯ ಆಟಗಳಿಗೆ 144 ಎಫ್‌ಪಿಎಸ್ ಬೇಕಾಗಿಲ್ಲ. ವಿಂಡೋಸಿನ ಪವರ್ ಆಪ್ಷನ್ಸಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟನ್ನು 100ರಿಂದ 99ಕ್ಕೆ ಇಳಿಸಿದರೆ ಪ್ರೊಸೆಸರಿನ ಟರ್ಬೋ ನಿಲ್ಲುತ್ತದೆ, ಹತ್ತು ಹದಿನೈದು ಡಿಗ್ರಿ ಒಮ್ಮೆಲೇ ಇಳಿಯುತ್ತದೆ. ಗ್ರಾಫಿಕ್ಸಿನ ಮೇಲೆ ನಿಂತ ಆಟಗಳಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2ರಂಥವು ಪ್ರೊಸೆಸರಿನ ಮೇಲೆ ನಿಂತ ಆಟಗಳು, ಅವುಗಳಲ್ಲಿ ಫ್ರೇಮ್ ಇಳಿಯುತ್ತದೆ; ಅವಕ್ಕೆ ಇದು ಬೇಡ. ಅಡಿಯಲ್ಲಿಡುವ ಫ್ಯಾನಿನ ಸ್ಟ್ಯಾಂಡಿಗೆ ಸಾವಿರ ರೂಪಾಯಿ ಹಾಕುವ ಮೊದಲು ಇವನ್ನೆಲ್ಲ ಮಾಡಿ ನೋಡಿ.

ಧೂಳು ತೆಗೆಯುವುದು ವರ್ಷಕ್ಕೆ ಎರಡು ಸಲ. ಮೇ ಕೊನೆಯ ಪತ್ತನಾಜೆಗೆ ಮೊದಲು ಒಂದು ಸಲ, ದೀಪಾವಳಿ ಕಳೆದು ಒಂದು ಸಲ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ಬೋರಲು ಮಲಗಿಸಿ. ತಳದ ಸ್ಕ್ರೂಗಳು ಹತ್ತು ಹನ್ನೆರಡು ಇರುತ್ತವೆ, ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿ ತಿರುಗಿಸಿದರೆ ಮೇಲಿನ ಕೀಬೋರ್ಡಿನ ತಟ್ಟೆಗೆ ಚುಚ್ಚುತ್ತದೆ. ಒಂದು ಕಾಗದದ ಮೇಲೆ ತಳದ ಚಿತ್ರ ಗೀಚಿ, ತೆಗೆದ ಸ್ಕ್ರೂವನ್ನು ಅದದೇ ಜಾಗದಲ್ಲಿ ಚುಚ್ಚಿಡಿ. ಹಳೆಯ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಎಬ್ಬಿಸಿದರೆ ಕ್ಲಿಪ್ಪುಗಳು ಟಪಟಪ ಬಿಡುತ್ತವೆ. ಒಳಗೆ ಕೈಹಾಕುವ ಮೊದಲು ಬ್ಯಾಟರಿಯ ಕನೆಕ್ಟರ್ ಎಳೆದು ತೆಗೆಯಿರಿ. ಫ್ಯಾನಿನ ರೆಕ್ಕೆಯ ಮೇಲೆ ಕಾಣುವ ಧೂಳು ಮುಖ್ಯವಲ್ಲ. ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ಕಂಬಳಿಯಂಥ ಒಂದು ಪದರ ಕಟ್ಟಿರುತ್ತದೆ, ಗಾಳಿ ಕಟ್ಟಿಹೋಗುವುದು ಅಲ್ಲಿ. ಬ್ರಷ್ಷಿನಿಂದ ಅದನ್ನು ಎಳೆದು ತೆಗೆಯಿರಿ. ಬ್ಲೋವರ್ ಹಿಡಿಯುವುದಾದರೆ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ತಡೆಹಿಡಿಯಬೇಕು. ಗಾಳಿಗೆ ಭರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಎರಡು ಮೂರು ವರ್ಷಕ್ಕೊಮ್ಮೆ ಥರ್ಮಲ್ ಪೇಸ್ಟ್ ಬದಲಿಸಿದರೆ ಒಳ್ಳೆಯದು, ಆದರೆ ಕೆಲವು ದುಬಾರಿ ಮಾದರಿಗಳಲ್ಲಿ ಪೇಸ್ಟಿನ ಬದಲು ದ್ರವಲೋಹ ಇರುತ್ತದೆ. ಅದು ಕರೆಂಟು ಹರಿಸುತ್ತದೆ, ಒಂದು ಹನಿ ಬೋರ್ಡಿಗೆ ಬಿದ್ದರೆ ಎಲ್ಲ ಮುಗಿಯಿತು. ಅಂಥದ್ದನ್ನು ಮನೆಯಲ್ಲಿ ಬಿಚ್ಚಬಾರದು.

ಮಳೆಗಾಲದ ತೇವ ಎರಡಕ್ಕೂ ಶತ್ರು. ಜೂನ್-ಜುಲೈಯಲ್ಲಿ ಬ್ಯಾಗಿನೊಳಗೆ ವಾರಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಬೂಷ್ಟು ಬರುತ್ತದೆ. ಸಿಮೆಂಟಿನ ನೆಲ ಬೆವರುವಾಗ ನೆಲದ ಮೇಲೆಯೇ ಇಟ್ಟ ಕ್ಯಾಬಿನೆಟ್ಟಿನ ತಳದ ಸ್ಕ್ರೂ ತುಕ್ಕು ಹಿಡಿಯುತ್ತದೆ. ಮಂಜೇಶ್ವರ, ಉಪ್ಪಳದ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಯೂ ಸೇರಿ ಇದು ಬೇಗ ಆಗುತ್ತದೆ. ದಿನಕ್ಕೆ ಅರ್ಧ ಗಂಟೆ ಓಡಿಸುವುದೇ ಇದಕ್ಕೆ ಮದ್ದು, ಒಳಗಿನ ಬಿಸಿ ತೇವವನ್ನು ಓಡಿಸುತ್ತದೆ. ಡೆಸ್ಕ್‌ಟಾಪ್ ಮಳೆಗಾಲದ ನಡುವೆ ಒಮ್ಮೆಗೇ ಡಿಸ್‌ಪ್ಲೇ ಕೊಡದಿದ್ದರೆ ಗಾಬರಿಯಾಗದೆ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒರಸಿ, ತಿರುಗಿ ಹಾಕಿ ನೋಡಿ. ಹತ್ತರಲ್ಲಿ ಆರೇಳು ಸಲ ಅಷ್ಟೇ ಆಗಿರುತ್ತದೆ. ಬೆಚ್ಚಗಿನ ಪೆಟ್ಟಿಗೆ ಎಂದರೆ ಇರುವೆಗಳಿಗೂ ಪ್ರೀತಿ, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಬೇಕು.

ಕರೆಂಟು: ತೋಟದ ಮನೆ ಗೆಲ್ಲುವ ಜಾಗ

ಫೆಬ್ರವರಿಯಿಂದ ಮೇವರೆಗೆ ಅಡಿಕೆ ತೋಟಗಳಿಗೆ ನೀರು ಬಿಡುವ ಕಾಲ. ಒಂದೇ ಟ್ರಾನ್ಸ್‌ಫಾರ್ಮರಿನಡಿ ಹತ್ತಾರು ಪಂಪುಸೆಟ್ಟು ಓಡುವಾಗ ಲೈನಿನ ಕೊನೆಯ ಮನೆಯಲ್ಲಿ 230 ಇರಬೇಕಾದ ವೋಲ್ಟೇಜು 170ಕ್ಕೆ, 150ಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತಿರುವಿ ಅದರ ಸಣ್ಣಕ್ಷರ ಓದಿ: ಇನ್‌ಪುಟ್ 100ರಿಂದ 240 ವೋಲ್ಟ್. ಅದಕ್ಕೆ 150 ಬಂದರೂ ಚಿಂತೆಯಿಲ್ಲ. ಕರೆಂಟು ಪೂರ್ತಿ ಹೋದರೂ ಬ್ಯಾಟರಿ ಹಿಡಿದುಕೊಳ್ಳುತ್ತದೆ, ಫ್ರೇಮ್ ಬೀಳುತ್ತದೆಯೇ ಹೊರತು ಸೇವ್ ಮಾಡದ ಆಟ ಹೋಗುವುದಿಲ್ಲ.

ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕೇ ಬೇಕು. ಸಾಮಾನ್ಯ ಮನೆ ಯುಪಿಎಸ್ ಸುಮಾರು 145ರಿಂದ 290 ವೋಲ್ಟ್ ನಡುವೆ ಮಾತ್ರ ಲೈನಿನ ಕರೆಂಟನ್ನು ಒಪ್ಪುತ್ತದೆ. ಅದಕ್ಕಿಂತ ಕೆಳಗಿಳಿದರೆ ಬ್ಯಾಟರಿಗೆ ಜಾರುತ್ತದೆ. ಪಂಪು ಶುರುವಾದಾಗೆಲ್ಲ ಟಕ್ ಟಕ್ ಎಂದು ಬದಲಾಗುತ್ತಾ, ಬ್ಯಾಟರಿ ತುಂಬಲು ಪುರುಸೊತ್ತೇ ಸಿಗದೆ ಒಂದು ಬೇಸಿಗೆಯಲ್ಲಿ ಅದು ಸಾಯುತ್ತದೆ. ಇಂಥ ಕಡೆ ಮೊದಲು ಸ್ಟೆಬಿಲೈಸರ್, ಅದರ ಹಿಂದೆ ಯುಪಿಎಸ್ ಎಂದು ಖರ್ಚು ಬೆಳೆಯುತ್ತಾ ಹೋಗುತ್ತದೆ. ಪೇಟೆಯ ಮನೆಯಾದರೆ ಈ ರಗಳೆ ಇಲ್ಲ. ಅಲ್ಲಿಯೂ 600 ವಿಎ ಯುಪಿಎಸ್ ಸಾಲದು, ಅದರಲ್ಲಿ ಬರುವುದು 360 ವಾಟ್. 4060 ಕಾರ್ಡಿನ ಡೆಸ್ಕ್‌ಟಾಪ್ ಮಾನಿಟರ್ ಸೇರಿ 250ರಿಂದ 300 ಎಳೆಯುತ್ತದೆ, ಒಂದು ಕ್ಷಣ ಅದಕ್ಕೂ ಮೇಲೆ ಹಾರುತ್ತದೆ. ಆ ಕ್ಷಣದಲ್ಲಿ ಕರೆಂಟು ಹೋದರೆ ಯುಪಿಎಸ್ ಇದ್ದೂ ಯಂತ್ರ ಆರಿಹೋಗುತ್ತದೆ. 1000 ಅಥವಾ 1100 ವಿಎ ತೆಗೆಯಿರಿ. ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಮುಚ್ಚಲು ಬೇಕಾದ ಐದು ಹತ್ತು ನಿಮಿಷಕ್ಕೆ.

ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಮಾದರಿಯೋ ಎಂದು ನೋಡಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಒಳ್ಳೆಯ ಎಸ್‌ಎಂಪಿಎಸ್‌ಗಳೇ (ಡೆಸ್ಕ್‌ಟಾಪಿನೊಳಗೆ ಕರೆಂಟು ಹಂಚುವ ಪೆಟ್ಟಿಗೆ) ಮುನಿಸಿಕೊಂಡು ಆರಿಹೋಗುವುದುಂಟು. ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ಬದಲಾಗುವ ಆ ಕಣ್ಣುರೆಪ್ಪೆಯ ಹೊತ್ತಿನಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್. 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್. ನಷ್ಟ ಕಳೆದು, ಫ್ಯಾನು-ಲೈಟೂ ಓಡುತ್ತಿದ್ದರೆ, 150 ವಾಟಿನ ಲ್ಯಾಪ್‌ಟಾಪನ್ನು ನಾಲ್ಕೈದು ಗಂಟೆ ಆಡಿಸಬಹುದು. ಡೆಸ್ಕ್‌ಟಾಪ್ ಮೂರು ಗಂಟೆಯಲ್ಲಿ ಮುಗಿಸುತ್ತದೆ, ಆ ಮೇಲೆ ರಾತ್ರಿ ಫ್ಯಾನಿಲ್ಲದೆ ಮಲಗಬೇಕು.

ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿನಲ್ಲಿದ್ದಾಗ ಮಣಿಕಟ್ಟಿಗೆ ಜುಂ ಎನ್ನುತ್ತದೆಯೇ? ಬೆರಳಿನ ಹಿಂಬದಿಯಿಂದ ಸವರಿದರೆ ಮೇಲ್ಮೈ ತರಿತರಿಯಾಗಿ ಅನಿಸುತ್ತದೆಯೇ? ಲ್ಯಾಪ್‌ಟಾಪ್ ಕೆಟ್ಟಿಲ್ಲ, ಅರ್ತಿಂಗ್ ಇಲ್ಲ. ಚಾರ್ಜರಿನೊಳಗಿನ ಫಿಲ್ಟರಿನಿಂದ ಸೋರುವ ಅತಿ ಸಣ್ಣ ಕರೆಂಟು ನೆಲಕ್ಕೆ ಹೋಗಲು ದಾರಿಯಿಲ್ಲದೆ ಮೈಗೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸಿದ್ದರೆ ಮೊದಲು ಅದನ್ನು ಬಿಸಾಡಿ. ಆಮೇಲೂ ಇದ್ದರೆ ವಯರಿಂಗಿನವರನ್ನು ಕರೆದು ಅರ್ತ್ ಗುಂಡಿ ನೋಡಿಸಿ. ಬೇಸಿಗೆಯಲ್ಲಿ ಗುಂಡಿ ಒಣಗಿ ಅರ್ತ್ ಸತ್ತಿರುತ್ತದೆ, ನಾಲ್ಕು ಕೊಡ ನೀರು ಹೊಯ್ದರೆ ಮತ್ತೆ ಜೀವ ಬರುವುದುಂಟು.

ಸಿಡಿಲಿನ ವಿಷಯಕ್ಕೆ ಯಾವ ಉಪಕರಣವನ್ನೂ ನಂಬಬೇಡಿ. ಏಪ್ರಿಲ್-ಮೇಯ ಸಂಜೆ ಮಳೆಗೂ, ಅಕ್ಟೋಬರ್-ನವೆಂಬರಿನ ತುಲಾ ಮಳೆಗೂ ಗುಡುಗು ದೂರದಲ್ಲಿ ಕೇಳಿಸಿದ ಕೂಡಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನೆಟ್ಟಿನ ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ಸಿಡಿಲು ಬರುವುದಿಲ್ಲ, ಆದರೆ ಮೋಡೆಮ್ಮಿನ ಅಡಾಪ್ಟರಿನಿಂದ ನುಗ್ಗಿ ಲ್ಯಾನ್ ಕೇಬಲ್ಲಿನ ದಾರಿಯಾಗಿ ಕಂಪ್ಯೂಟರಿನ ಬೋರ್ಡ್ ಸುಡುತ್ತದೆ. ಆ ಕೇಬಲನ್ನೂ ಎಳೆಯಿರಿ. ಲ್ಯಾಪ್‌ಟಾಪಿನವರು ವೈಫೈಯಲ್ಲಿದ್ದರೆ ಒಂದು ಪಿನ್ ಕಿತ್ತರೆ ಆಯಿತು.

ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಬಿಲ್ಲಿನ ಲೆಕ್ಕವನ್ನೂ ಒಂದು ಸಲ ಹಾಕಿ. ದಿನಕ್ಕೆ ಮೂರು ಗಂಟೆ ಆಡಿದರೆ ಲ್ಯಾಪ್‌ಟಾಪಿಗೆ ತಿಂಗಳಿಗೆ ಸುಮಾರು 14 ಯೂನಿಟ್, ಡೆಸ್ಕ್‌ಟಾಪಿಗೆ 25. ಹತ್ತು ಯೂನಿಟ್ ದೊಡ್ಡದಲ್ಲ. ಆದರೆ ತಿಂಗಳಿಗೆ 250 ಯೂನಿಟ್‌ನ ಗಡಿಯ ಹತ್ತಿರ ಇರುವ ಮನೆಯಾದರೆ, ಅದನ್ನು ದಾಟಿದ ಕೂಡಲೇ ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ ಬೀಳುತ್ತದೆ. ಎರಡು ತಿಂಗಳ ಬಿಲ್ಲಿನಲ್ಲಿ 500 ಎಂಬ ಸಂಖ್ಯೆಯ ಮೇಲೆ ಕಣ್ಣಿಡಿ.

ದುಡ್ಡು, ರಿಪೇರಿ

ಬೆಲೆ ವಾರಕ್ಕೊಂದು ತರ ಇರುತ್ತದೆ, 2025ರ ಕೊನೆಯಿಂದ ರ‍್ಯಾಮಿನ ಬೆಲೆ ವಿಪರೀತ ಏರಿ ಲೆಕ್ಕವೆಲ್ಲ ಮೇಲೆ ಕೆಳಗಾಗಿದೆ. ಆದರೂ ಅಂದಾಜು ಹೀಗೆ: 8 ಜಿಬಿ ಗ್ರಾಫಿಕ್ಸಿನ ಲ್ಯಾಪ್‌ಟಾಪ್ ಲಕ್ಷದ ಆಚೀಚೆ. ಅದೇ ದರ್ಜೆಯ ಡೆಸ್ಕ್‌ಟಾಪಿನ ಪೆಟ್ಟಿಗೆ ಮಾತ್ರ ನೋಡಿದರೆ ಇಪ್ಪತ್ತು ಇಪ್ಪತ್ತೈದು ಸಾವಿರ ಕಡಿಮೆ ಅನಿಸುತ್ತದೆ. 144 ಹರ್ಟ್ಸ್ ಮಾನಿಟರ್, ಯುಪಿಎಸ್, ಕೀಬೋರ್ಡ್, ಮೌಸ್, ಹೆಡ್‌ಫೋನ್, ವೈಫೈ ಇಲ್ಲದ ಬೋರ್ಡಾದರೆ ಅದಕ್ಕೊಂದು ಕಾರ್ಡ್ ಎಂದು ಸೇರಿಸುತ್ತಾ ಬಂದರೆ ಅಲ್ಲಿಗಲ್ಲಿಗೆ ಸಮ. ಡೆಸ್ಕ್‌ಟಾಪ್ ಅಗ್ಗ ಎಂಬ ಮಾತು ಮೊದಲ ದಿನದ ಬಿಲ್ಲಿನಲ್ಲಿ ನಿಜವಾಗುವುದಿಲ್ಲ. ನಾಲ್ಕನೆಯ ವರ್ಷದಲ್ಲಿ ನಿಜವಾಗುತ್ತದೆ. ಆಗ ಡೆಸ್ಕ್‌ಟಾಪಿನವರು ಹಳೆಯ ಕಾರ್ಡ್ ಮಾರಿ ಹೊಸದೊಂದು ಕಾರ್ಡ್ ಹಾಕುತ್ತಾರೆ. ಲ್ಯಾಪ್‌ಟಾಪಿನವರು ಪೂರ್ತಿ ಹೊಸ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಎಎಂಡಿಯ ಎಎಂ5 ಸಾಕೆಟ್ಟಿನ ಬೋರ್ಡ್ ತೆಗೆದರೆ ಮುಂದೆ ಪ್ರೊಸೆಸರನ್ನೂ ಬದಲಿಸಬಹುದು, 2027ರವರೆಗೂ ಅದರಾಚೆಗೂ ಆ ಸಾಕೆಟ್ಟಿಗೆ ಬೆಂಬಲ ಇದೆ ಎಂದು ಕಂಪನಿ ಹೇಳಿದೆ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿತಾಯ ಬೇಡ. ಒಳ್ಳೆಯ ಕಂಪನಿಯ 550 ಅಥವಾ 650 ವಾಟಿನ 80 ಪ್ಲಸ್ ಬ್ರಾಂಜ್ ಹಾಕಿಸಿ. ಕ್ಯಾಬಿನೆಟ್ಟಿನ ಜೊತೆ ಬಿಟ್ಟಿ ಬಂದದ್ದು ಹೋಗುವಾಗ ಕಾರ್ಡನ್ನೂ ಕರೆದುಕೊಂಡು ಹೋಗುತ್ತದೆ.

ವಾರಂಟಿ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಒಂದು ವರ್ಷ, ಡೆಸ್ಕ್‌ಟಾಪಿನ ಭಾಗಗಳಿಗೆ ಹೆಚ್ಚಿನವಕ್ಕೆ ಮೂರು ವರ್ಷ. ಲ್ಯಾಪ್‌ಟಾಪಿನ ಬೋರ್ಡ್ ಹೋದರೆ ಪ್ರೊಸೆಸರ್, ಗ್ರಾಫಿಕ್ಸ್ ಎಲ್ಲ ಅದರಲ್ಲೇ ಇರುವುದರಿಂದ ರಿಪೇರಿಯ ಚೀಟಿ ಯಂತ್ರದ ಅರ್ಧ ಬೆಲೆಗೆ ಬರುತ್ತದೆ. ಆದ್ದರಿಂದ ಲ್ಯಾಪ್‌ಟಾಪಿಗೆ ಎರಡು ವರ್ಷ ಹೆಚ್ಚಿನ ವಾರಂಟಿ ಕೊಳ್ಳುವುದು ದಂಡ ಅಲ್ಲ. ಕೊಳ್ಳುವ ಮೊದಲು ಒಂದು ವಿಷಯ ಬರಹದಲ್ಲಿ ಕೇಳಿ: 671ರಿಂದ ಶುರುವಾಗುವ ನಮ್ಮ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುವ ಸೇವೆ ಇದೆಯೇ, ಇಲ್ಲ ನಾವೇ ಒಯ್ಯಬೇಕೇ? ಬಿಲ್ ಕೇರಳದ್ದಾದರೂ ಕಂಪನಿಯ ವಾರಂಟಿ ದೇಶಕ್ಕೆಲ್ಲ ಒಂದೇ. ಮಂಗಳೂರಿನ ಸರ್ವಿಸ್ ಸೆಂಟರಿಗೆ ಕೊಡಲು ಗಡಿ ಅಡ್ಡಿಯಲ್ಲ.

ಬ್ಯಾಟರಿ ಉಬ್ಬುವುದು ಸದಾ ಚಾರ್ಜಿನಲ್ಲಿಟ್ಟು ಆಡುವ ಲ್ಯಾಪ್‌ಟಾಪುಗಳ ಮಾಮೂಲಿ ರೋಗ. ನೂರು ಶೇಕಡಾ ತುಂಬಿದ ಬ್ಯಾಟರಿ ಬಿಸಿಯಲ್ಲಿ ದಿನಗಟ್ಟಲೆ ಕೂತರೆ ಒಳಗೆ ಅನಿಲ ಕಟ್ಟುತ್ತದೆ. ಟಚ್‌ಪ್ಯಾಡ್ ಎದ್ದು ನಿಂತರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಅದೇ ಲಕ್ಷಣ. ಕೂಡಲೇ ಬಳಸುವುದು ನಿಲ್ಲಿಸಿ ಬದಲಿಸಬೇಕು, ಚುಚ್ಚಿ ಗಾಳಿ ಬಿಡುವ ಸಾಹಸ ಖಂಡಿತ ಬೇಡ. ಬಾರದಂತೆ ತಡೆಯಲು ಲೆನೊವೊ ವ್ಯಾಂಟೇಜ್, ಮೈಆಸುಸ್‌ನಂಥ ಕಂಪನಿಯದೇ ಸಾಫ್ಟ್‌ವೇರಿನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಇದೆ, ಮೊದಲ ದಿನವೇ ಹಾಕಿಡಿ.

ಲ್ಯಾಪ್‌ಟಾಪೇ ಎಂದು ತೀರ್ಮಾನವಾದರೆ

ಪೊವ್ವಲ್‌ನ ಎಂಜಿನಿಯರಿಂಗ್ ಕಾಲೇಜಿಗೆ ಮನೆಯಿಂದ ಹೋಗಿಬರುವವರೂ ಒಂದು ಸಲ ಯೋಚಿಸಿ. ಗೇಮಿಂಗ್ ಲ್ಯಾಪ್‌ಟಾಪ್ ಎರಡೂಕಾಲು ಎರಡೂವರೆ ಕಿಲೋ, ಚಾರ್ಜರ್ ಮುಕ್ಕಾಲು ಕಿಲೋ. ನಿತ್ಯ ಬಸ್ಸಿನಲ್ಲಿ ನಿಂತು ಹೋಗುವವರ ಹೆಗಲಿಗೆ ಇದು ಎರಡನೇ ವಾರಕ್ಕೇ ಸಾಕೆನಿಸುತ್ತದೆ. ಕ್ಲಾಸಿಗೆ ನಲವತ್ತು ಸಾವಿರದ ಹಗುರ ಲ್ಯಾಪ್‌ಟಾಪ್, ಮನೆಯಲ್ಲಿ ಸಾಧಾರಣ ಡೆಸ್ಕ್‌ಟಾಪ್ ಎಂಬ ಜೋಡಿ ಅಂಥವರಿಗೆ ಸರಿಹೋಗುತ್ತದೆ. ಹಾಸ್ಟೆಲಿನಲ್ಲೇ ಇರುವವರು ಮೂರು ಕಿಲೋವನ್ನು ವಾರಕ್ಕೊಮ್ಮೆ ಹೊರಬೇಕಷ್ಟೇ.

ವಾಟ್ ಮತ್ತು 8 ಜಿಬಿ ಮೇಲೆಯೇ ಹೇಳಿಯಾಯಿತು. ಆಮೇಲೆ ನೋಡಬೇಕಾದದ್ದು ರ‍್ಯಾಮ್. 16 ಜಿಬಿಯ ಒಂದೇ ತುಂಡಿಗಿಂತ 8ರ ಎರಡು ತುಂಡು ಆಟಕ್ಕೆ ಮೇಲು, ಒಂದೇ ತುಂಡಿದ್ದರೆ ಪ್ರೊಸೆಸರಿಗೆ ಅರ್ಧ ದಾರಿ ಮುಚ್ಚಿದಂತೆ. ಒಂದೇ ತುಂಡು ಬಂದಿದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ತೊಂದರೆಯಿಲ್ಲ, ಆಮೇಲೆ ಸೇರಿಸಬಹುದು. ಬೋರ್ಡಿಗೆ ಬೆಸುಗೆಯಾದದ್ದು ಬೇಡ. ಪರದೆಯ ವಿವರದಲ್ಲಿ ಬಣ್ಣದ ವ್ಯಾಪ್ತಿ 45 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೆ ಬಣ್ಣ ತೊಳೆದ ಬಟ್ಟೆಯಂತೆ ಪೇಲವ, 100 ಶೇಕಡಾ ಎಸ್‌ಆರ್‌ಜಿಬಿ, ಬೆಳಕು 300 ನಿಟ್ಸ್ ಇರಲಿ. ಮಕ್ಸ್ ಸ್ವಿಚ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಗ್ರಾಫಿಕ್ಸ್ ಚಿಪ್ ಬಿಡಿಸಿದ ಚಿತ್ರವೆಲ್ಲ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸಿನ ಮೂಲಕ ಸುತ್ತಿಬಂದು ಫ್ರೇಮ್ ಕಳೆದುಕೊಳ್ಳುತ್ತದೆ. ಸ್ವಿಚ್ ಇಲ್ಲದ ಮಾದರಿಯಲ್ಲೂ ಎಚ್‌ಡಿಎಂಐ ಕಿಂಡಿ ನೇರ ಗ್ರಾಫಿಕ್ಸಿಗೇ ಹೋಗಿದ್ದರೆ ಹೊರಗಿನ ಮಾನಿಟರ್ ಹಾಕಿದಾಗ ಆ ನಷ್ಟ ತಪ್ಪುತ್ತದೆ. ಎಸ್‌ಎಸ್‌ಡಿ 512 ಜಿಬಿ ಎಂದರೆ ದೊಡ್ಡ ಆಟ ಮೂರು. ರೆಡ್ ಡೆಡ್ ರಿಡೆಂಪ್ಶನ್ 2 ಒಂದಕ್ಕೇ 150 ಜಿಬಿ ಬೇಕು. ಅಷ್ಟನ್ನು 50 ಎಂಬಿಪಿಎಸ್ ಫೈಬರಿನಲ್ಲಿ ಇಳಿಸಲು ಏಳು ಗಂಟೆ, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಾದರೆ ಎರಡೂವರೆ ತಿಂಗಳು. ನೆಟ್ ಇಲ್ಲದ ಮನೆಯವರು ಯಂತ್ರಕ್ಕಿಂತ ಮೊದಲು ಫೈಬರಿನ ವಿಚಾರ ಮುಗಿಸಿಕೊಳ್ಳಿ.

ಆಡುವುದು ವ್ಯಾಲರಂಟ್, ಮೈನ್‌ಕ್ರಾಫ್ಟ್, ಜಿಟಿಎ 5 ಇಷ್ಟೇ ಆದರೆ ಈ ಚರ್ಚೆಯೇ ಬೇಡ. ರೇಡಿಯಾನ್ 780ಎಂ ಗ್ರಾಫಿಕ್ಸ್ ಇರುವ ಸಾದಾ ಲ್ಯಾಪ್‌ಟಾಪಿನಲ್ಲಿ ಎರಡು ತುಂಡು ರ‍್ಯಾಮ್ ಹಾಕಿದರೆ ಇವೆಲ್ಲ ಸೆಟ್ಟಿಂಗ್ ಇಳಿಸಿ ಚೆನ್ನಾಗಿ ಓಡುತ್ತವೆ. ಓದಿಗೆ ಕಂಪ್ಯೂಟರ್ ಬೇರೆ ಇದ್ದು ಟಿವಿಯ ಮುಂದೆ ಕೂತು ಆಡುವವರಿಗೆ ಪ್ಲೇಸ್ಟೇಷನ್ 5 ಲ್ಯಾಪ್‌ಟಾಪಿನ ಅರ್ಧ ಬೆಲೆಗೆ ಮುಗಿಯುತ್ತದೆ. ಆದರೆ ಆಟಗಳೇ ದುಬಾರಿ, ಹೊಸದೊಂದಕ್ಕೆ ನಾಲ್ಕೈದು ಸಾವಿರ. ಕಂಪ್ಯೂಟರಿನಲ್ಲಿ ಸ್ಟೀಮ್ ಸೇಲಿಗೆ ಕಾದರೆ ಹಳೆಯವು ಕೆಲವು ನೂರಕ್ಕೆ ಸಿಗುತ್ತವೆ. ಕೈಯಲ್ಲಿ ಹಿಡಿದಾಡುವ ಆಸುಸ್ ಆರ್‌ಒಜಿ ಆಲೈಯಂಥವು 2023ರಿಂದ ಇಲ್ಲಿ ಸಿಗುತ್ತಿವೆ. ಏಳು ಇಂಚಿನ ಪರದೆ, ದೊಡ್ಡ ಆಟಕ್ಕೆ ಒಂದೆರಡು ಗಂಟೆಯ ಬ್ಯಾಟರಿ. ಒಂದೇ ಯಂತ್ರ ಕೊಳ್ಳುವವರಿಗೆ ಅದು ಬೇಡ.

ಹಳೆಯ ಲ್ಯಾಪ್‌ಟಾಪ್ ತೆಗೆಯುವವರು ಕಮಾಂಡ್ ಪ್ರಾಂಪ್ಟಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ ಎದುರು ಫುಲ್ ಚಾರ್ಜ್ ಕೆಪಾಸಿಟಿ ಎಷ್ಟಿದೆ ನೋಡಿ. ಅರ್ಧಕ್ಕಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಕೀಲಿನ ಬಳಿ ಪ್ಲಾಸ್ಟಿಕ್ ಬಿರಿದಿದೆಯೇ ಎಂದು ಮುಚ್ಚಳ ಹತ್ತು ಸಲ ತೆರೆದು ಮುಚ್ಚಿ ನೋಡಿ. ಹಳೆಯ ಡೆಸ್ಕ್‌ಟಾಪಾದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇದೆಯೇ ಎಂದು ಕೇಳಿ, ಅದೂ ಸೆಕ್ಯೂರ್ ಬೂಟೂ ಇಲ್ಲದಿದ್ದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ತೆರೆಯುವುದೇ ಇಲ್ಲ.

ಡೆಸ್ಕ್‌ಟಾಪನ್ನು ಮಂಗಳೂರಿನಲ್ಲಿ ಜೋಡಿಸಿ ತರುವುದಾದರೆ, ಅಲ್ಲಿಯೇ ಒಮ್ಮೆ ಓಡಿಸಿ ನೋಡಿದ ಮೇಲೆ ಗ್ರಾಫಿಕ್ಸ್ ಕಾರ್ಡನ್ನು ಸ್ಲಾಟಿನಿಂದ ತೆಗೆಸಿ ಅದರ ಡಬ್ಬಕ್ಕೇ ಹಾಕಿಸಿಕೊಳ್ಳಿ. ತಲಪಾಡಿ ದಾಟಿ ಬರುವ ಐವತ್ತು ಕಿಲೋಮೀಟರಿನಲ್ಲಿ ಬಸ್ಸು ಎತ್ತಿ ಹಾಕುವಾಗ ಒಂದು ಕಿಲೋ ತೂಕದ ಕಾರ್ಡ್ ಸ್ಲಾಟಿಗೆ ಜೋತುಬಿದ್ದು ಅದರ ಬಾಯಿ ಬಿರಿಯುತ್ತದೆ, ಆ ಪೆಟ್ಟಿಗೆ ವಾರಂಟಿ ಇಲ್ಲ. ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ತನ್ನಿ. ಗಾಜಿನ ಬದಿ ಮೇಲಿರಲಿ. ಮನೆಗೆ ತಂದು ಕಾರ್ಡ್ ಸಿಕ್ಕಿಸುವಾಗ ಸ್ಲಾಟಿನ ತುದಿಯ ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ, ಪವರ್ ಕೇಬಲ್ ಪೂರ್ತಿ ಕೂತಿದೆಯೇ ನೋಡಿ, ಮಾನಿಟರಿನ ವಯರನ್ನು ಬೋರ್ಡಿನ ಕಿಂಡಿಗೆ ಹಾಕದೆ ಕಾರ್ಡಿನ ಕಿಂಡಿಗೇ ಹಾಕಿ.